ಹಸಿರು ಕಂಡರೆ ಕಾಡೇ? ಭದ್ರಾವತಿಯ ನೆಲ ಓದುವ ಪಾಠ

ನೆಲ ಸವಕಳಿಯಾಗಿದೆಯೋ ಇಲ್ಲವೋ ಅಂತ ಈಗ ಉಪಗ್ರಹದ ಮೂಲಕವೇ ನೋಡ್ತಾರೆ. ಆದರೆ ಉಪಗ್ರಹಕ್ಕೆ ಹಸಿರಾಗಿ ಕಂಡ ನೆಲವೆಲ್ಲ ಚೆನ್ನಾಗಿದೆ ಎನ್ನಬಹುದಾ? ಶಿವಮೊಗ್ಗದ ಪಕ್ಕದಲ್ಲೇ ಇರುವ ಭದ್ರಾವತಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಮೊದಲು ಹಿನ್ನೆಲೆ

ಭದ್ರಾವತಿಯ ಎರಡೂ ದೊಡ್ಡ ಕಾರ್ಖಾನೆಗಳು ಬೆಳೆದದ್ದು ಕಾಡಿನ ಬಲದಿಂದ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಇದ್ದಿಲು ಉರಿಸಿ ಅದಿರು ಕರಗಿಸುತ್ತಿತ್ತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಗೆ, ಅಂದರೆ ಎಂಪಿಎಂಗೆ, ತಿರುಳಿಗಾಗಿ ಮರ ಬೇಕಿತ್ತು. ಇದಕ್ಕಾಗಿ 1980ರಲ್ಲಿ ಸರ್ಕಾರ ಅರಣ್ಯಭೂಮಿಯನ್ನು 40 ವರ್ಷಗಳ ಗುತ್ತಿಗೆಗೆ ಕೊಟ್ಟಿತು. ಅಲ್ಲಿ ಅಕೇಶಿಯಾ, ನೀಲಗಿರಿ ನೆಡುತೋಪುಗಳು ಎದ್ದವು. 2015ರಲ್ಲಿ ಕಾಗದ ತಯಾರಿಕೆಯೇ ನಿಂತಿತು. ಆದರೂ 2020ರಲ್ಲಿ ಗುತ್ತಿಗೆ ಮುಗಿದಾಗ ಸುಮಾರು 20 ಸಾವಿರ ಹೆಕ್ಟೇರ್‌ಗೆ ಇನ್ನೂ 40 ವರ್ಷ ವಿಸ್ತರಣೆ ಸಿಕ್ಕಿತು. ಮಲೆನಾಡಿನಲ್ಲಿ ಇದಕ್ಕೆ ಜೋರಾದ ವಿರೋಧ ಎದ್ದಿತು.

ಎನ್‌ಡಿವಿಐ ಏನು ಹೇಳುತ್ತೆ?

ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಅವಕೆಂಪು ಕಿರಣವನ್ನು ಪ್ರತಿಫಲಿಸುತ್ತದೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಬರುವುದೇ ಎನ್‌ಡಿವಿಐ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ:

ಮಾರ್ಚ್‌ನಲ್ಲಿ ಎಲೆ ಉದುರಿಸಿ ನಿಂತ ತೇಗ, ಮತ್ತಿ, ಹೊನ್ನೆಯ ಕಾಡು: ಅವಕೆಂಪು 0.25, ಕೆಂಪು 0.15. ಎನ್‌ಡಿವಿಐ = 0.10 ÷ 0.40 = 0.25.

ಅದೇ ದಿನ ಅಕೇಶಿಯಾ ತೋಪು: ಅವಕೆಂಪು 0.40, ಕೆಂಪು 0.05. ಎನ್‌ಡಿವಿಐ = 0.35 ÷ 0.45 = 0.78.

ಅಕೇಶಿಯಾ ನಿತ್ಯಹಸಿರು. ಹಾಗಾಗಿ ಈ ಒಂದೇ ಚಿತ್ರ ನೋಡಿದರೆ ನೆಟ್ಟ ತೋಪು ಸಹಜ ಕಾಡಿಗಿಂತ ಮೂರು ಪಟ್ಟು ಹೆಚ್ಚು ಅಂಕ ಪಡೆಯುತ್ತೆ!

ನಿಯಮಗಳಲ್ಲೂ ಇದೇ ತೊಡಕು

ಭಾರತೀಯ ಅರಣ್ಯ ಸರ್ವೇಕ್ಷಣೆಯ ಪ್ರಕಾರ 1 ಹೆಕ್ಟೇರ್‌ಗಿಂತ ದೊಡ್ಡದಾದ, ಶೇ. 10ಕ್ಕಿಂತ ಹೆಚ್ಚು ಮರದ ನೆರಳಿರುವ ನೆಲ ಅರಣ್ಯ ಹೊದಿಕೆ. ಯಾವ ಜಾತಿಯ ಮರ, ಯಾರ ಜಾಗ ಎಂಬುದು ಲೆಕ್ಕಕ್ಕಿಲ್ಲ. ವಿಶ್ವಸಂಸ್ಥೆಯ ಅಳತೆಯಲ್ಲಿ ಭೂಹೊದಿಕೆ, ಉತ್ಪಾದಕತೆ, ಮಣ್ಣಿನ ಸಾವಯವ ಇಂಗಾಲ ಎಂಬ ಮೂರು ಸೂಚಕಗಳಿವೆ. ಒಂದು ಕುಸಿದರೂ ಆ ನೆಲ ಸವಕಳಿಯಾದಂತೆ. ಆದರೆ ಹುಲ್ಲುಗಾವಲು ಮರಗಳ ನೆಲವಾದರೆ ಅದನ್ನು ಸಾಮಾನ್ಯವಾಗಿ ಸುಧಾರಣೆ ಅಂತಲೇ ಎಣಿಸುತ್ತಾರೆ. 2030ರೊಳಗೆ 2.6 ಕೋಟಿ ಹೆಕ್ಟೇರ್ ನೆಲವನ್ನು ಪುನಶ್ಚೇತನಗೊಳಿಸುತ್ತೇವೆಂದು ಭಾರತ 2019ರಲ್ಲಿ ಘೋಷಿಸಿದೆ. ತೋಪನ್ನೂ ಕಾಡನ್ನೂ ಒಂದೇ ಬಣ್ಣದಲ್ಲಿ ತೋರಿಸುವ ನಕ್ಷೆಯಿಂದ ಆ ಲೆಕ್ಕ ಸರಿಯಾಗಲ್ಲ.

ಹಾಗಾದರೆ ಹೇಗೆ ನೋಡಬೇಕು?

ಒಂದು, ಕಾಲಸರಣಿ. ಸೆಂಟಿನೆಲ್-2 ಜೋಡಿ ಉಪಗ್ರಹಗಳು 5 ದಿನಕ್ಕೊಮ್ಮೆ 10 ಮೀಟರ್ ಸ್ಪಷ್ಟತೆಯ ಚಿತ್ರ ಕೊಡುತ್ತವೆ, ಅದೂ ಉಚಿತವಾಗಿ. ಎಲೆ ಉದುರುವ ಕಾಡಿನ ಗೆರೆ ಪ್ರತಿವರ್ಷ ಇಳಿದು ಮಳೆಗಾಲಕ್ಕೆ ಏರುತ್ತದೆ. ತೋಪಿನ ಗೆರೆ ವರ್ಷಗಟ್ಟಲೆ ಹೆಚ್ಚು ಏರಿಳಿತವಿಲ್ಲದೆ ಸಾಗಿ, ಕಟಾವಿನ ದಿನ ದಿಢೀರನೆ ಬೀಳುತ್ತದೆ.

ಎರಡು, ನೆಲದ ಮೇಲಿನ ಪರಿಶೀಲನೆ. ಮರದ ಕೆಳಗೆ ಹುಲ್ಲಿದೆಯಾ, ಸಸಿಗಳಿವೆಯಾ, ದನಕ್ಕೆ ಮೇವು ಸಿಗುತ್ತಾ ಅನ್ನೋದನ್ನು ಊರಿನವರ ಜೊತೆ ನಡೆದೇ ತಿಳಿಯಬೇಕು.

ಮೂರು, ದಾಖಲೆ. ನೆಲ ಯಾರ ಹೆಸರಿನಲ್ಲಿದೆ, ಗುತ್ತಿಗೆ ಎಲ್ಲಿಯವರೆಗೆ ಅನ್ನೋದು ಯಾವ ಉಪಗ್ರಹಕ್ಕೂ ಕಾಣಲ್ಲ. ಈಗಿನ ವಿಸ್ತರಣೆ ಪೂರ್ತಿ ನಡೆದರೆ ಅದು ಮುಗಿಯುವುದು 2060ಕ್ಕೆ. ಅಷ್ಟೊತ್ತಿಗೆ ನಮ್ಮ ಬ್ಯಾಚಿನವರು ನಿವೃತ್ತರಾಗಿರ್ತೇವೆ.

ಮನೆಗೆಲಸ: ಗೂಗಲ್ ಅರ್ಥ್‌ನಲ್ಲಿ ನಿಮ್ಮೂರಿನ ಒಂದು ಗುಡ್ಡದ ಹಳೆಯ ಚಿತ್ರಗಳನ್ನು ವರ್ಷದ ಪ್ರಕಾರ ನೋಡಿ. ಹಸಿರು ಯಾವಾಗ ಬಂತು, ಯಾವಾಗ ಹೋಯಿತು ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಮನೆಯ ಹಿರಿಯರನ್ನು ಕೇಳಿ: ಅಲ್ಲಿ ಮೊದಲು ಏನಿತ್ತು?