ಐದು ಸಾವಿರಕ್ಕೆ ಮಾರ್ಚ್ ಗಡುವು

ಎಲೆಕ್ಟ್ರಿಕ್ ಸ್ಕೂಟರ್ ಹೆಸರಿನಲ್ಲಿ ಸರ್ಕಾರದ ದುಡ್ಡು ತಿಂದವನು ನಾನು, ಅದೂ ಮೂರು ಕಡೆಯಿಂದ. ಹಾಗಾಗಿ ಸಬ್ಸಿಡಿ ಬೇಕು, ಬೇಡ ಎಂಬ ವಾದದಲ್ಲಿ ನನ್ನನ್ನು ನಿಷ್ಪಕ್ಷಪಾತಿ ಎಂದು ಯಾರೂ ಭಾವಿಸಬೇಕಾಗಿಲ್ಲ.

2022ರ ಯುಗಾದಿ ಕಳೆದ ಮೇಲೆ ಗಾಡಿ ತಂದೆ. ಆಗ ಕೇಂದ್ರದ ಫೇಮ್-2 ಯೋಜನೆಯಲ್ಲಿ ಬ್ಯಾಟರಿಯ ಒಂದು ಕಿಲೋವ್ಯಾಟ್ ಅವರ್‌ಗೆ 15,000 ರೂಪಾಯಿ ಸಬ್ಸಿಡಿ. ನನ್ನ ಗಾಡಿಯ ಬ್ಯಾಟರಿ ಎರಡೂವರೆಯದ್ದು, ಬಿಲ್ಲಿನಲ್ಲೇ 37,500 ಇಳಿಯಿತು. ಉಳಿದದ್ದಕ್ಕೆ ಬ್ಯಾಂಕಿನಲ್ಲಿ ಸಾಲ ಮಾಡಿದ್ದರಿಂದ ಆದಾಯ ತೆರಿಗೆಯ 80ಇಇಬಿ ಕಲಮಿನಡಿ ಬಡ್ಡಿಗೆ ವಿನಾಯಿತಿಯೂ ಸಿಕ್ಕಿತು. ಮೂರನೆಯದು ಯಾವ ವಾಹನ ಯೋಜನೆಯ ಪಟ್ಟಿಯಲ್ಲೂ ಇಲ್ಲ. ಅದರ ಕಥೆಯೇ ದೊಡ್ಡದು, ಆಮೇಲೆ ಹೇಳುತ್ತೇನೆ.

ಈಗ ಇದನ್ನೆಲ್ಲ ಬರೆಯುವುದಕ್ಕೆ ಕಾರಣ ನನ್ನ ಅಕ್ಕನ ಮಗ. ಹನೂರಿನಲ್ಲಿ ಬಾಡಿಗೆ ಮನೆ, ಕೊಳ್ಳೇಗಾಲದ ಬಟ್ಟೆ ಅಂಗಡಿಯಲ್ಲಿ ಕೆಲಸ. ದಿನಾ ನಮ್ಮ ಮಧುವನಹಳ್ಳಿ ದಾಟಿಕೊಂಡೇ ಓಡಾಡುತ್ತಾನೆ, ಹೋಗಿ ಬರುವುದು ಸೇರಿ 50 ಕಿಲೋಮೀಟರ್. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರಿಂದ ರಸ್ತೆ ತುಂಬಿದ್ದ ದಿನ ಗಾಡಿ ನಿಲ್ಲಿಸಿ ಮನೆಗೆ ಬಂದವನು, ನೀರು ಕುಡಿಯುವ ಮೊದಲೇ ಕೇಳಿದ: “ಮಾವ, ಮಾರ್ಚ್ ಒಳ್ಗೇ ತಕ್ಕಬುಡ್ಲಾ? ಆಮೇಲೆ ಸಬ್ಸಿಡಿ ಇಲ್ವಂತೆ.”

ಷೋರೂಮಿನವರು ಅವನಿಗೆ ಹೇಳಿದ್ದು ಸುಳ್ಳಲ್ಲ. ಪಿಎಂ ಇ-ಡ್ರೈವ್ ಯೋಜನೆಯನ್ನು 2028ರ ಮಾರ್ಚ್‌ವರೆಗೆ ವಿಸ್ತರಿಸಿದ 2025ರ ಆಗಸ್ಟ್ ಅಧಿಸೂಚನೆಯೇ ದ್ವಿಚಕ್ರ ವಾಹನದ ಸಬ್ಸಿಡಿಗೆ 2026ರ ಮಾರ್ಚ್ 31 ಎಂದು ಗೆರೆ ಎಳೆದಿತ್ತು. ಆದರೆ ಹೋಗುತ್ತಿರುವುದು ಎಷ್ಟು ಎಂದು ಕೇಳಿದರೆ ಅವನಿಗೆ ಗೊತ್ತಿರಲಿಲ್ಲ. ಹೆಚ್ಚೆಂದರೆ ಐದು ಸಾವಿರ. ದೊಡ್ಡ ಮೊತ್ತ ಎಂದೋ ಹೋಯಿತು. 2023ರ ಜೂನ್ 1ರಂದು ಕಿಲೋವ್ಯಾಟ್ ಅವರ್‌ಗೆ 15,000 ಇದ್ದದ್ದು 10,000 ಆಯಿತು. ಅದಕ್ಕಿಂತ ಮುಖ್ಯವಾಗಿ, ಗಾಡಿಯ ಬೆಲೆಯ ಶೇ 40ರವರೆಗೆ ಇದ್ದ ಮಿತಿಯನ್ನು ಶೇ 15ಕ್ಕೆ ಇಳಿಸಿದರು. ನನ್ನಂಥದೇ ಗಾಡಿಗೆ 37,500 ಸಿಗುತ್ತಿದ್ದ ಕಡೆ ಸುಮಾರು 18,000. ಮರುವರ್ಷ ಏಪ್ರಿಲ್‌ಗೆ ಗರಿಷ್ಠ 10,000. ಇ-ಡ್ರೈವ್‌ನ ಎರಡನೇ ವರ್ಷಕ್ಕೆ ಅದರ ಅರ್ಧ. ಮೆಟ್ಟಿಲು ಇಳಿದಿಳಿದು ಕೊನೆಯ ಮೆಟ್ಟಿಲಲ್ಲಿ ನಿಂತವನಿಗೆ ಇನ್ನೇನು ಬಿದ್ದುಬಿಡುತ್ತೀಯ ಎಂದು ಹೆದರಿಸಿದಂತೆ ಈ ಮಾರ್ಚ್ ಗಡುವು.

ಹೆದರಿಕೆಗೆ ವ್ಯಾಪಾರ ಕುದುರುವುದು ಮಾತ್ರ ನಿಜ. 2023ರ ಮೇನಲ್ಲಿ ದೇಶದಲ್ಲಿ ನೋಂದಣಿಯಾದ ಎಲೆಕ್ಟ್ರಿಕ್ ದ್ವಿಚಕ್ರ ವಾಹನಗಳು ಒಂದು ಲಕ್ಷ ದಾಟಿದ್ದವು; ಜೂನ್‌ನಲ್ಲಿ ಅರ್ಧಕ್ಕಿಂತ ಕೆಳಗೆ ಬಂದವು. ಮುಂದಿನ ಮಾರ್ಚ್ ಹೊತ್ತಿಗೆ, ಫೇಮ್-2 ಮುಗಿಯುವ ತಿಂಗಳು, ಮತ್ತೆ ಲಕ್ಷದ ಮೇಲೆ. ಅಮೆರಿಕದಲ್ಲೂ ಇದೇ ಆಟ. ಅಲ್ಲಿ ಹೊಸ ಎಲೆಕ್ಟ್ರಿಕ್ ಕಾರಿಗೆ ಕೊಡುತ್ತಿದ್ದ 7,500 ಡಾಲರ್ ತೆರಿಗೆ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ನಿಂತಿತು. ಟೆಕ್ಸಾಸಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಆ ತಿಂಗಳು ಕಾರು ಬುಕ್ ಮಾಡಿ, ಬೇಕಾದ ಬಣ್ಣ ಸಿಗದೆ ಸಿಕ್ಕಿದ ಬಣ್ಣದ್ದನ್ನು ತಂದ. ಆದರೆ ಅವನದು ಆರೂವರೆ ಲಕ್ಷ ರೂಪಾಯಿಗೂ ಹೆಚ್ಚಿನ ಮಾತು. ಅಷ್ಟಕ್ಕೆ ಬಣ್ಣ ಬಿಟ್ಟುಕೊಡಬಹುದು.

ಆ ರಿಯಾಯಿತಿ ಕಟ್ಟಬೇಕಾದ ತೆರಿಗೆಯಲ್ಲೇ ಕಳೆಯುತ್ತಿತ್ತು. ನಮ್ಮ 80ಇಇಬಿ ಹಾಗಲ್ಲ. ಸಾಲದ ಬಡ್ಡಿ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಆದಾಯದಲ್ಲಿ ಕಳೆಯಬಹುದು, ಅಷ್ಟೇ. 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರ ನಡುವೆ ಮಂಜೂರಾದ ಸಾಲಕ್ಕೆ ಮಾತ್ರ ಅದು. ನನ್ನ 70,000 ರೂಪಾಯಿ ಸಾಲಕ್ಕೆ ಮೊದಲ ವರ್ಷದ ಬಡ್ಡಿ ಆರೂವರೆ ಸಾವಿರ. ಶೇ 20ರ ತೆರಿಗೆ ಹಂತದಲ್ಲಿದ್ದ ನನಗೆ ಉಳಿದದ್ದು 1,300 ಚಿಲ್ಲರೆ. ಅದೇ ಬೆಂಗಳೂರಿನಲ್ಲಿ 15 ಲಕ್ಷ ಸಾಲ ಮಾಡಿ ಕಾರು ಕೊಂಡು ಶೇ 30ರ ಹಂತದಲ್ಲಿದ್ದವರಿಗೆ ಒಂದೇ ವರ್ಷಕ್ಕೆ ನಲವತ್ತು ಸಾವಿರದ ಹತ್ತಿರ. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಸೊನ್ನೆ. ರೇಷ್ಮೆಗೂಡು ಮಾರುವ ರೈತನಿಗೆ, ಅರಿಶಿನ ಬೆಳೆಯುವವನಿಗೆ, ಆದಾಯ ತೆರಿಗೆಯೇ ಕಟ್ಟದ ನಮ್ಮ ಬೀದಿಯ ಮುಕ್ಕಾಲು ಜನಕ್ಕೂ ಸೊನ್ನೆಯೇ. ಆ ಕಲಮಿಗೆ ಹೊಸ ಸಾಲಗಳ ಬಾಗಿಲು ಮುಚ್ಚಿದ ದಿನ ಕೊಳ್ಳೇಗಾಲದಲ್ಲಿ ಯಾರೂ ಮರುಗಿದ್ದು ನಾನು ಕಾಣೆ. ನನ್ನ ಅಭಿಪ್ರಾಯ ಕೇಳಿದರೆ, ಮುಚ್ಚಿದ್ದು ಸರಿ. 25 ಲಕ್ಷಕ್ಕಿಂತ ದುಬಾರಿ ಎಲೆಕ್ಟ್ರಿಕ್ ಕಾರುಗಳಿಗೆ ನಮ್ಮ ರಾಜ್ಯ 2024ರಲ್ಲಿ ಶೇ 10 ಜೀವಾವಧಿ ತೆರಿಗೆ ಹಾಕಿದ್ದೂ ಸರಿ.

ಆದರೆ ಸ್ಕೂಟರ್ ಕೊಳ್ಳುವವನ ಲೆಕ್ಕ ಬದಲಾಯಿಸಿದ ಇನ್ನೊಂದು ಸಂಗತಿ ಈ ಗಡುವಿನ ಗಲಾಟೆಯಲ್ಲಿ ಯಾರ ಬಾಯಲ್ಲೂ ಬರುತ್ತಿಲ್ಲ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಪೆಟ್ರೋಲ್ ಬೈಕು, ಸ್ಕೂಟರ್‌ಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಎಲೆಕ್ಟ್ರಿಕ್‌ದು 2019ರಿಂದಲೂ ಶೇ 5, ಹಾಗೇ ಇದೆ. ತೆರಿಗೆ ಬಿಟ್ಟು 70,000 ಬೆಲೆಯ ಪೆಟ್ರೋಲ್ ಸ್ಕೂಟರ್ ಮೊದಲು 89,600ಕ್ಕೆ ಬರುತ್ತಿತ್ತು, ಈಗ 82,600. ಅಂದರೆ ಎದುರಾಳಿ ಏಳು ಸಾವಿರ ಅಗ್ಗವಾದ. ಮಾರ್ಚ್ ಗಡುವಿಗೆ ಹೋಗುವ ಐದು ಸಾವಿರಕ್ಕಿಂತ ಅದೇ ದೊಡ್ಡದು. ಎರಡೂ ಸೇರಿದರೆ ಹನ್ನೆರಡು ಸಾವಿರದ ವ್ಯತ್ಯಾಸ. ಒಂದು ಕೈಯಲ್ಲಿ ಎಲೆಕ್ಟ್ರಿಕ್ ಕೊಳ್ಳಿ ಎಂದು ಕರೆದು ಇನ್ನೊಂದು ಕೈಯಲ್ಲಿ ಪೆಟ್ರೋಲ್ ಗಾಡಿಗೆ ಬೆಲೆ ಇಳಿಸುವ ಈ ನೀತಿಯನ್ನು ದಿಲ್ಲಿಯವರೇ ವಿವರಿಸಬೇಕು.

ಇನ್ನು ಓಡಿಸುವ ಖರ್ಚು. ಲೀಟರಿಗೆ 103 ರೂಪಾಯಿಯಂತೆ, 50 ಕಿಲೋಮೀಟರ್ ಮೈಲೇಜ್ ಸಿಕ್ಕರೆ ಪೆಟ್ರೋಲ್ ಸ್ಕೂಟರ್‌ಗೆ ಕಿಲೋಮೀಟರಿಗೆ ಎರಡು ರೂಪಾಯಿ ಆರು ಪೈಸೆ. ನನ್ನ ಗಾಡಿ ನೂರು ಕಿಲೋಮೀಟರಿಗೆ ಸುಮಾರು ಮೂರೂವರೆ ಯೂನಿಟ್ ಕುಡಿಯುತ್ತದೆ. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ಕಿಲೋಮೀಟರಿಗೆ 21 ಪೈಸೆ. ಮಾದಪ್ಪನ ಬೆಟ್ಟದ ದಾರಿಯ ತಾಳಬೆಟ್ಟದಿಂದ ಮೇಲೆ ಏರಿಸಿದರೆ ಈ ಲೆಕ್ಕ ನಿಲ್ಲುವುದಿಲ್ಲ, ಆದರೆ ಅಲ್ಲಿಗೆ ದಿನಾ ಹೋಗುವವರು ಯಾರು? ಉಳಿತಾಯ ಕಿಲೋಮೀಟರಿಗೆ ಒಂದು ರೂಪಾಯಿ 85 ಪೈಸೆ. ಅಕ್ಕನ ಮಗ ತಿಂಗಳಿಗೆ 25 ದಿನ ಓಡಾಡಿದರೆ 2,300 ಚಿಲ್ಲರೆ ಉಳಿಯುತ್ತದೆ. ತಪ್ಪಿಹೋಗುವ ಐದು ಸಾವಿರ ಅವನಿಗೆ ಎರಡು ತಿಂಗಳ ಮಾತು. ಹಾಲಿನ ಡೇರಿ, ಸಂತೆ, ದೇವಸ್ಥಾನ ಎಂದು ದಿನಕ್ಕೆ ನಾಲ್ಕು ಕಿಲೋಮೀಟರ್ ಸುತ್ತುವ ನಮ್ಮ ಪಕ್ಕದ ಮನೆಯವರಿಗೆ ಅದೇ ಐದು ಸಾವಿರ ಹುಟ್ಟಲು ಎರಡು ವರ್ಷಕ್ಕೆ ಹತ್ತಿರ ಬೇಕು. ಅವರು ಹಳೆಯ ಪೆಟ್ರೋಲ್ ಗಾಡಿಯನ್ನೇ ಇಟ್ಟುಕೊಳ್ಳಲಿ, ಸಬ್ಸಿಡಿ ಇದ್ದಾಗಲೂ ನಾನು ಅವರಿಗೆ ಹೇಳಿದ್ದು ಅದೇ. ನನ್ನ ಹೆಂಡತಿಯಂತೂ ಶಕ್ತಿ ಯೋಜನೆ ಬಂದ ಮೇಲೆ ನನ್ನ ಗಾಡಿಯ ಹಿಂದೆ ಕೂರುವುದನ್ನೇ ಬಿಟ್ಟಿದ್ದಾಳೆ. ಕಿಲೋಮೀಟರಿಗೆ 21 ಪೈಸೆ ಎಂದು ನಾನು ಹೆಮ್ಮೆಪಟ್ಟರೆ, “ನನ್ಗೆ ಬಸ್ಸಲ್ಲಿ ಅದೂ ಇಲ್ಲ” ಅನ್ನುತ್ತಾಳೆ.

ಈಗ ಆ ಮೂರನೆಯ ನೆರವು: ಗೃಹಜ್ಯೋತಿ. 2023ರಲ್ಲಿ ಉಚಿತ ವಿದ್ಯುತ್ ಬಂದಾಗ ಪ್ರತಿ ಮನೆಗೂ 2022-23ರ ಸರಾಸರಿ ಬಳಕೆ ನೋಡಿ, ಅದರ ಮೇಲೆ ಶೇ 10 ಸೇರಿಸಿ ಉಚಿತ ಯೂನಿಟ್ ನಿಗದಿ ಮಾಡಿದರು, ಗರಿಷ್ಠ 200. ಆ ವರ್ಷ ಪೂರ್ತಿ ನನ್ನ ಸ್ಕೂಟರ್ ನಮ್ಮ ಮನೆಯ ಪ್ಲಗ್ಗಿನಲ್ಲೇ ಚಾರ್ಜ್ ಆಗಿತ್ತು. ಹಾಗಾಗಿ ಅದು ಕುಡಿದ ಕರೆಂಟೂ ಸರಾಸರಿಯೊಳಗೆ ಸೇರಿಹೋಯಿತು. ಅಂದಿನಿಂದ ನನ್ನ ಗಾಡಿ ಓಡುತ್ತಿರುವುದು ರಾಜ್ಯದ ಖರ್ಚಿನಲ್ಲಿ. ಇದಕ್ಕೆ ನಾನು ಪಟ್ಟ ಶ್ರಮ ಏನೂ ಇಲ್ಲ, ಬರೀ ಕಾಲಮಾನದ ಕೃಪೆ. ಒಂದು ವರ್ಷ ತಡವಾಗಿ ಕೊಂಡ ನನ್ನ ಸಹೋದ್ಯೋಗಿಗೆ ಅದೇ ಗಾಡಿ, ಅಷ್ಟೇ ಓಡಾಟ, ಆದರೆ ಹೆಚ್ಚುವರಿ ಯೂನಿಟ್ಟಿಗೆ ತಿಂಗಳು ತಿಂಗಳೂ ಬಿಲ್ ಬರುತ್ತದೆ.

ಬಿಲ್ ಬಂದರೆ ಬರಲಿ, ಯೂನಿಟ್ಟಿಗೆ ಆರು ರೂಪಾಯಿ ತಾನೆ ಎಂದರೆ, 200ರ ಗೆರೆಯೊಂದಿದೆ. ಅದನ್ನು ದಾಟಿದ ತಿಂಗಳು ಹೆಚ್ಚಾದ ಯೂನಿಟ್ಟಿಗೆ ಮಾತ್ರವಲ್ಲ, ಪೂರ್ತಿ ಬಳಕೆಗೆ ದುಡ್ಡು ಕಟ್ಟಬೇಕು. ಅಕ್ಕನ ಮಗನ ಮನೆಗೂ ಮಾಲೀಕರ ಮನೆಗೂ ಒಂದೇ ಮೀಟರ್. ಅವನು ತಂದು ತೋರಿಸಿದ ಚೆಸ್ಕಾಂ ಬಿಲ್ಲುಗಳಲ್ಲಿ ಬಳಕೆ 170 ಯೂನಿಟ್ ಆಸುಪಾಸು, ಕಟ್ಟಬೇಕಾದ್ದು ಸೊನ್ನೆ. ದಿನಕ್ಕೆ 50 ಕಿಲೋಮೀಟರ್ ಓಡುವ ಸ್ಕೂಟರ್ ತಿಂಗಳಿಗೆ 44 ಯೂನಿಟ್ ಸೇರಿಸಿದರೆ 214. ಸೊನ್ನೆ ಇದ್ದ ಬಿಲ್ ನಿಗದಿತ ಶುಲ್ಕ, ತೆರಿಗೆ ಎಲ್ಲ ಸೇರಿ 1,600 ಮುಟ್ಟುತ್ತದೆ. ಮಾಲೀಕರು ಅದನ್ನು ಇವನ ತಲೆಗೇ ಕಟ್ಟುತ್ತಾರೆ, ಕಟ್ಟುವುದು ನ್ಯಾಯವೂ ಹೌದು. ಆಗ ತಿಂಗಳಿಗೆ ಉಳಿಯುವುದು 2,300 ಅಲ್ಲ, ಸಾವಿರದ ಒಳಗೆ. ಷೋರೂಮಿನಲ್ಲಿ ಐದು ಸಾವಿರದ ಗಡುವು ಹೇಳಿದವರು ಈ ಮೀಟರಿನ ವಿಷಯ ಕೇಳಲೇ ಇಲ್ಲ. ಐದು ಸಾವಿರ ಹೋಗುವುದು ಒಂದೇ ಸಲ, ಇದು ಪ್ರತಿ ತಿಂಗಳೂ ಹೋಗುತ್ತದೆ.

ಪ್ರತ್ಯೇಕ ಮೀಟರ್ ಹಾಕಿಸಿಕೊಳ್ಳಲು ಮಾಲೀಕರ ಒಪ್ಪಿಗೆ ಬೇಕು. ಇನ್ನೊಂದು ದಾರಿ ಅಂಗಡಿ. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಗಾಡಿ ಕೊಳ್ಳೇಗಾಲದಲ್ಲೇ ನಿಂತಿರುತ್ತದೆ. ಅಂಗಡಿಯ ಮೀಟರಿಗೆ ಉಚಿತದ ಹಂಗಿಲ್ಲ, ದರ ಮನೆಗಿಂತ ಜಾಸ್ತಿಯಾದರೂ 44 ಯೂನಿಟ್ಟಿಗೆ ನಾನ್ನೂರೋ ಐನೂರೋ ಸೌಕಾರರಿಗೆ ಕೊಟ್ಟುಬಿಟ್ಟರೆ ಎರಡು ಸಾವಿರ ಕೈಯಲ್ಲಿ ಉಳಿಯುತ್ತದೆ. “ಸೌಕಾರ್ರನ್ನ ಎಂಗ್ ಕೇಳ್ಲಿ ಮಾವ, ಮೊನ್ನೆ ತಾನೆ ಸಂಬ್ಳ ಜಾಸ್ತಿ ಮಾಡಿ ಅಂದಿವ್ನಿ” ಎಂದು ಅವನು ತಲೆ ಕೆರೆದುಕೊಂಡ. ಸಂಬಳದ ಮಾತು ಅವರು ಮರೆಯುವವರೆಗೆ ಕಾಯಿ, ಅದು ಏಪ್ರಿಲ್ ಆದರೂ ಸರಿ ಮೇ ಆದರೂ ಸರಿ, ಪ್ಲಗ್ ಸಿಕ್ಕ ಮೇಲೆಯೇ ಗಾಡಿ ತಗೋ ಎಂದು ಹೇಳಿ ಕಳಿಸಿದ್ದೇನೆ.