ಪ್ರಯೋಗಶಾಲೆಯ ಮೂರು ಬಾಗಿಲುಗಳು

ಸ್ತ್ರೀಯರು ವಿಜ್ಞಾನಕ್ಷೇತ್ರವನ್ನು ಪ್ರವೇಶಿಸಿದರೆಂದು ನಾವು ಬಹು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಪ್ರವೇಶವೆಂಬುದು ಒಂದೇ ಬಾರಿಗೆ ಮುಗಿಯುವ ಕಾರ್ಯವೇ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ವಿದ್ಯಾಕೇಂದ್ರದಲ್ಲಿ, ಸಂಶೋಧನೆ ನಡೆಸಿದ ಮೂವರು ಮಹಿಳೆಯರ ಜೀವನವೃತ್ತಾಂತವನ್ನು ಓದಿದಾಗ ನನಗೆ ಹೊಳೆದದ್ದು ಬೇರೆ. ಬಾಗಿಲು ಒಂದಲ್ಲ, ಮೂರು. ಒಳಗೆ ಸೇರುವುದು ಮೊದಲನೆಯದು. ಮಾಡಿದ ಕೆಲಸಕ್ಕೆ ಮನ್ನಣೆ ಪಡೆಯುವುದು ಎರಡನೆಯದು. ಇತರರಿಗೆ ಕಲಿಸುವ ಪೀಠವನ್ನೇರುವುದು ಮೂರನೆಯದು. ಒಂದು ತೆರೆದ ಮಾತ್ರಕ್ಕೆ ಉಳಿದವು ತಾವಾಗಿ ತೆರೆಯುವುದಿಲ್ಲ. ಇದನ್ನು ಸಹಪಾಠಿಗಳ ಮುಂದೆ ಕ್ರಮವಾಗಿ ಇಡುವುದೇ ಈ ಲೇಖನದ ಉದ್ದೇಶ.

1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪದವಿ ಪಡೆದು ಈ ಸಂಸ್ಥೆಗೆ ಅರ್ಜಿ ಹಾಕಿದರು. ಆಗ ಸರ್ ಸಿ. ವಿ. ರಾಮನ್ ನಿರ್ದೇಶಕರು. ಅರ್ಜಿ ತಿರಸ್ಕೃತವಾಯಿತು, ಕಾರಣ, ಅಭ್ಯರ್ಥಿ ಹೆಣ್ಣು. ಕಮಲಾ ಬೆಂಗಳೂರಿಗೇ ಬಂದು ರಾಮನ್ನರನ್ನು ಎದುರಿಸಿ ಕೇಳಿದರು. ಕೊನೆಗೆ ಪ್ರವೇಶ ದೊರೆತದ್ದು ಷರತ್ತಿನ ಮೇಲೆ: ಮೊದಲ ವರ್ಷ ಅವರನ್ನು ಪೂರ್ಣ ವಿದ್ಯಾರ್ಥಿನಿಯೆಂದು ಎಣಿಸತಕ್ಕದ್ದಲ್ಲ, ಅವರಿಂದ ಪ್ರಯೋಗಶಾಲೆಯ ವಾತಾವರಣ ಕೆಡಬಾರದು. ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು, ಬೇಳೆಕಾಳುಗಳ ಪ್ರೋಟೀನುಗಳನ್ನು ಅಭ್ಯಾಸ ಮಾಡಿದ ಆಕೆಯ ಕೆಲಸ ಕಂಡು ವರ್ಷಾಂತ್ಯಕ್ಕೆ ರಾಮನ್ನರು ತೃಪ್ತರಾದರು. ಆ ಬಳಿಕ ಬೇರೆ ವಿದ್ಯಾರ್ಥಿನಿಯರಿಗೂ ಅಲ್ಲಿ ಅವಕಾಶವಾಯಿತು. ಕಮಲಾ ಕೇಂಬ್ರಿಜ್‌ಗೆ ತೆರಳಿ, ಸಸ್ಯಗಳ ಉಸಿರಾಟದಲ್ಲಿ ಸೈಟೋಕ್ರೋಮ್ ಸಿ ಎಂಬ ವಸ್ತುವಿನ ಪಾತ್ರವನ್ನು ಕುರಿತು ಪ್ರಬಂಧ ಬರೆದು 1939ರಲ್ಲಿ ಪಿಎಚ್.ಡಿ. ಪಡೆದರು. ವಿವಾಹಾನಂತರ ಕಮಲಾ ಸೊಹೊನಿ ಎಂದು ಹೆಸರಾದವರು ಇವರೇ.

ಎರಡನೆಯವರು ಅನ್ನಾ ಮಣಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಆನರ್ಸ್ ಪದವೀಧರೆಯಾದ ಇವರು 1940ರಲ್ಲಿ ರಾಮನ್ನರ ಪ್ರಯೋಗಶಾಲೆಯನ್ನೇ ಸೇರಿದರು. ವಜ್ರ, ಮಾಣಿಕ್ಯಗಳು ಬೆಳಕು ಬೀರುವ ಬಗೆಯನ್ನು ಪರೀಕ್ಷಿಸುವುದು ಇವರ ವಿಷಯ. ಆ ಮಂದ ಬೆಳಕಿನ ರೋಹಿತ ಛಾಯಾಫಲಕದ ಮೇಲೆ ಮೂಡಬೇಕಾದರೆ ಹದಿನೈದು ಇಪ್ಪತ್ತು ಗಂಟೆಗಳ ಕಾಲ ಕಾಯಬೇಕಾಗುತ್ತಿತ್ತು. ಇಂಥ ಶ್ರಮದಿಂದ ಅವರು ಒಬ್ಬರೇ ಐದು ಲೇಖನಗಳನ್ನು ಪ್ರಕಟಿಸಿ, 1945ರಲ್ಲಿ ಪಿಎಚ್.ಡಿ.ಗೆ ಪ್ರಬಂಧ ಸಲ್ಲಿಸಿದರು. ಆದರೆ ಎಂ.ಎಸ್‌ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾನಿಲಯ ಡಾಕ್ಟರೇಟನ್ನು ಕೊಡಲಿಲ್ಲ. ಅವರು ಇಂಗ್ಲೆಂಡಿಗೆ ಹೋಗಿ ಹವಾಮಾನ ಉಪಕರಣಗಳ ಶಾಸ್ತ್ರವನ್ನು ಕಲಿತು, 1948ರಲ್ಲಿ ಭಾರತೀಯ ಹವಾಮಾನ ಇಲಾಖೆಯನ್ನು ಸೇರಿದರು. ಹೊರನಾಡುಗಳಿಂದ ತರಿಸುತ್ತಿದ್ದ ಉಪಕರಣಗಳನ್ನು ಪುಣೆಯಲ್ಲೇ ತಯಾರಿಸುವಂತೆ ಮಾಡಿದರು. ದೇಶದಲ್ಲಿ ಬಿಸಿಲಿನ ಶಕ್ತಿಯನ್ನು ಅಳೆಯುವ ಕೇಂದ್ರಗಳನ್ನು ಏರ್ಪಡಿಸಿದರು. 1976ರಲ್ಲಿ ನಿವೃತ್ತರಾದಾಗ ಇಲಾಖೆಯ ಉಪ ಮಹಾನಿರ್ದೇಶಕರಾಗಿದ್ದರು. ಡಾಕ್ಟರೇಟು ಮಾತ್ರ ಬರಲೇ ಇಲ್ಲ.

ಮೂರನೆಯವರು ನಮ್ಮ ನಂಜನಗೂಡಿನ ರಾಜೇಶ್ವರಿ. ಇವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲೊಬ್ಬರು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ ರಾಜೇಶ್ವರಿ 1940ರ ದಶಕದಲ್ಲಿ ವಿಜ್ಞಾನ ಸಂಸ್ಥೆಯ ವಿದ್ಯುತ್ ಸಂಪರ್ಕ ವಿಭಾಗವನ್ನು ಸೇರಿ, ಸರ್ಕಾರದ ವಿದ್ಯಾರ್ಥಿವೇತನದಿಂದ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. 1953ರಲ್ಲಿ ಡಾಕ್ಟರೇಟ್ ಪಡೆದು ಹಿಂದಿರುಗಿ, ತಾವು ಕಲಿತ ವಿಭಾಗದಲ್ಲೇ ಅಧ್ಯಾಪಕರಾದರು. ಮೈಕ್ರೋವೇವ್ ಮತ್ತು ಆಂಟೆನಾಗಳ ವಿದ್ಯೆಯನ್ನು ಬೋಧಿಸಿ, ಇಪ್ಪತ್ತು ಮಂದಿಯ ಪಿಎಚ್.ಡಿ. ಸಂಶೋಧನೆಗೆ ಮಾರ್ಗದರ್ಶನ ನೀಡಿ, ವಿಭಾಗದ ಮುಖ್ಯಸ್ಥೆಯೂ ಆದರು. ರಾಜೇಶ್ವರಿ ಚಟರ್ಜಿ ಎಂದು ಪ್ರಸಿದ್ಧರಾದವರು ಇವರು.

ಈ ಮೂರನ್ನೂ ಹೋಲಿಸಿ ನೋಡೋಣ. ಮೊದಲ ಬಾಗಿಲನ್ನು ಮುಚ್ಚಿದ್ದು ಒಬ್ಬ ವ್ಯಕ್ತಿ. ಆದ್ದರಿಂದ ಎದುರು ನಿಂತು ವಾದಿಸಲು ಸಾಧ್ಯವಾಯಿತು, ಅವರು ಮನಸ್ಸು ಬದಲಿಸುವುದೂ ಸಾಧ್ಯವಾಯಿತು. ಎರಡನೆಯದನ್ನು ಮುಚ್ಚಿದ್ದು ಒಂದು ನಿಯಮ. ನಿಯಮ ಸರ್ವರಿಗೂ ಒಂದೇ ಅಲ್ಲವೇ, ಅದರಲ್ಲಿ ಹೆಣ್ಣೆಂಬ ಮಾತೇ ಇಲ್ಲವಲ್ಲ, ಎಂದು ಕೆಲವರು ಕೇಳಬಹುದು. ನಿಜ. ಆದರೆ ಐದು ಲೇಖನಗಳು ಕಣ್ಣೆದುರಿಗಿರುವಾಗಲೂ ನಿಯಮವನ್ನು ಸಡಿಲಿಸಬೇಕೆಂದು ತೋರದಿದ್ದರೆ, ಅಲ್ಲಿ ತೂಗಿದ್ದು ಕೆಲಸವನ್ನಲ್ಲ. ಮೂರನೆಯ ಬಾಗಿಲು ತೆರೆದಾಗಲೇ ಮುಂದಿನವರ ಹಾದಿ ಸುಗಮವಾದದ್ದು. ಪೀಠದ ಮೇಲೆ ಒಬ್ಬ ಮಹಿಳೆಯನ್ನು ದಿನವೂ ಕಂಡ ವಿದ್ಯಾರ್ಥಿಗೆ ಹೆಣ್ಣು ಇಂಜಿನಿಯರ್ ಆಗಬಲ್ಲಳೇ ಎಂಬ ಪ್ರಶ್ನೆ ಏಳುವುದಾದರೂ ಹೇಗೆ?

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15 ಮತ್ತು 16ನೆಯ ವಿಧಿಗಳು, ಸರ್ಕಾರವು ಲಿಂಗದ ಕಾರಣದಿಂದ ಭೇದವೆಣಿಸುವುದನ್ನೂ ಉದ್ಯೋಗ ನಿರಾಕರಿಸುವುದನ್ನೂ ನಿಷೇಧಿಸಿವೆ. ಆದರೂ ಆ 1933ರ ಷರತ್ತು ಪೂರ್ತಿ ಅಳಿದಿಲ್ಲ. ನನ್ನ ಅಣ್ಣ ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ವಿಭಾಗ ಸೇರಿದಾಗ ಮನೆಯವರು ಸಿಹಿ ಹಂಚಿದರು. ಎರಡು ವರ್ಷಗಳ ಮೇಲೆ ಅಕ್ಕ ಅದೇ ವಿಭಾಗವನ್ನು ಆರಿಸಿಕೊಂಡಾಗ ಯಾರೂ ಬೇಡವೆನ್ನಲಿಲ್ಲ. “ಮೊದಲ ವರ್ಷ ಹೇಗಾಗುತ್ತದೋ ನೋಡೋಣ” ಎಂದರು. ಪ್ರೀತಿಯಿಂದಲೇ ಹೇಳಿದ ಮಾತದು. ಆದರೆ ಅಣ್ಣನಿಗಿಂತ ಹೆಚ್ಚು ಅಂಕ ಪಡೆದಿದ್ದ ಅಕ್ಕನಿಗೆ ಮಾತ್ರ ಈ ಪರೀಕ್ಷಾವಧಿ ಏಕೆ?

ತಪ್ಪುವುದಕ್ಕೂ, ಸಾಧಾರಣ ಅಂಕ ಪಡೆಯುವುದಕ್ಕೂ ಹುಡುಗನಿಗೆ ಸ್ವಾತಂತ್ರ್ಯವಿದೆ. ಅವನು ಸೋತರೆ ಅವನೊಬ್ಬನೇ ಸೋತಂತೆ. ಹುಡುಗಿ ಸೋತರೆ ಹೆಣ್ಣುಕುಲವೇ ಸೋತಿತೆನ್ನುತ್ತಾರೆ. ಕಮಲಾ ಸೊಹೊನಿಯವರಂಥ ಅಸಾಧಾರಣರು ಷರತ್ತುಗಳನ್ನು ದಾಟಿ ಹೋದರು. ಅಸಾಧಾರಣಳಲ್ಲದ ಹುಡುಗಿಯೂ ಷರತ್ತಿಲ್ಲದೆ ಕಲಿಯುವ ದಿನ ಬಂದಾಗಲೇ ಮೂರು ಬಾಗಿಲುಗಳೂ ನಿಜವಾಗಿ ತೆರೆದವೆನ್ನಬಹುದು. ಆ ದಿನವನ್ನು ಹತ್ತಿರ ತರುವ ಕೆಲಸ ನಮ್ಮ ನಮ್ಮ ಮನೆಗಳಲ್ಲಿಯೂ ತರಗತಿಗಳಲ್ಲಿಯೂ ಆರಂಭವಾಗಲಿ.