ತಿನಿಸಿನ ಮಾದರಿಗಳು: ಸರಳ ಸಾಮಗ್ರಿಗಳಿಂದ ಒಂದು ಕಿರು ಉದ್ಯಮ

ರಾಜಾಜಿನಗರದಿಂದ ಕೆಂಗೇರಿಯವರೆಗಿನ ಪಶ್ಚಿಮ ಬೆಂಗಳೂರಿನಲ್ಲಿ ದರ್ಶಿನಿಗಳು, ಬೇಕರಿಗಳು ಹಾಗೂ ಸಿಹಿತಿಂಡಿ ಅಂಗಡಿಗಳು ಹೇರಳವಾಗಿವೆ. ಪ್ರದರ್ಶನಕ್ಕೆಂದು ಗಾಜಿನ ಕಪಾಟಿನಲ್ಲಿ ಇಟ್ಟ ನಿಜವಾದ ದೋಸೆ ಸ್ವಲ್ಪ ಹೊತ್ತಿನಲ್ಲೇ ಮೆತ್ತಗಾಗುತ್ತದೆ. ಸಂಜೆಗೆ ಕಸದ ಬುಟ್ಟಿ ಸೇರುತ್ತದೆ. ಈ ನಷ್ಟವನ್ನು ತಪ್ಪಿಸುವ ಉಪಾಯವೇ ತಿನಿಸಿನ ಮಾದರಿ.

ಜಪಾನಿನಲ್ಲಿ ಇದು ಬೆಳೆದು ನಿಂತ ಉದ್ಯಮ. ಗುಜೋ ಹಚಿಮಾನ್ ಊರಿನ ಇವಾಸಾಕಿ ತಾಕಿಜೋ ಎಂಬವರು 1932ರಲ್ಲಿ ಒಸಾಕಾದಲ್ಲಿ ಮೇಣದ ತಿನಿಸಿನ ಮಾದರಿಗಳ ವ್ಯಾಪಾರ ಆರಂಭಿಸಿದರು. ಇಂದಿಗೂ ಆ ಊರು ಈ ಕಸುಬಿಗೆ ಹೆಸರುವಾಸಿ. ಕನ್ನಡ ನಾಡಿಗೂ ಇಂತಹ ಕೈಗೆಲಸ ಹೊಸದಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಸೆಣಬು, ಮರದ ಹೊಟ್ಟು ಹಾಗೂ ಹುಣಸೆಬೀಜದ ಅಂಟಿನಿಂದ ಹದಗೊಳಿಸಿದ 'ಕಿಟ್ಟ'ವನ್ನು ತಮ್ಮ ಗೊಂಬೆಗಳಿಗೆ ಬಳಸುತ್ತಾರೆ. ದಸರಾ ಗೊಂಬೆ ಹಬ್ಬದಲ್ಲಿ ಶೆಟ್ಟಿ-ಶೆಟ್ಟಮ್ಮರ ಅಂಗಡಿಯನ್ನು ಅಲಂಕರಿಸುವ ಮನೆಗಳೂ ಪುಟ್ಟ ತಿನಿಸುಗಳಿಗೆ ಗಿರಾಕಿಗಳಾಗಬಲ್ಲವು.

ಹಿಟ್ಟಿನ ತಯಾರಿಕೆ

ಹೊಸಬರು ಇಡ್ಲಿ-ವಡೆಯ ತಟ್ಟೆಯಿಂದ ಆರಂಭಿಸುವುದು ಒಳಿತು. ಇದಕ್ಕೆ ಎರಡು ಬಗೆಯ ಹದ ಬೇಕು. ಮೊದಲನೆಯದು ಕಾಗದದ ತಿರುಳು. ಹಳೆಯ ವೃತ್ತಪತ್ರಿಕೆಯನ್ನು ಚೂರು ಮಾಡಿ ರಾತ್ರಿಯಿಡೀ ನೆನೆಸಿ, ರುಬ್ಬಿ, ನೀರು ಹಿಂಡಿ, ಬಿಳಿ ಅಂಟು ಸೇರಿಸಿ ನಾದಬೇಕು. ಎರಡನೆಯದು ಮೇಲ್ಪದರದ ಹಿಟ್ಟು. ಒಂದು ಬಟ್ಟಲು ಬಿಳಿ ಅಂಟು, ಒಂದು ಬಟ್ಟಲು ಕಾರ್ನ್‌ಫ್ಲೋರ್, ಒಂದು ಚಮಚ ಎಣ್ಣೆ, ಒಂದು ಚಮಚ ನಿಂಬೆರಸ ಬೆರೆಸಿ ಸಣ್ಣ ಉರಿಯಲ್ಲಿ ಮುದ್ದೆಯಾಗುವವರೆಗೆ ಕೈಬಿಡದೆ ಕಲಕಬೇಕು. ಬಿಸಿ ಆರುವ ಮುನ್ನ ನಾದಿ, ಗಾಳಿಯಾಡದಂತೆ ಸುತ್ತಿಡಬೇಕು. ಈ ಪಾತ್ರೆಗಳನ್ನು ಮತ್ತೆ ಅಡುಗೆಗೆ ಬಳಸತಕ್ಕದ್ದಲ್ಲ.

ಆಕಾರ ಮತ್ತು ಅಳತೆ

ಪ್ಲಾಸ್ಟಿಕ್ ಹಾಳೆ ಹಾಸಿದ ಹಳೆಯ ಇಡ್ಲಿ ತಟ್ಟೆಯಲ್ಲಿ ತಿರುಳನ್ನು ಅದುಮಿ ಒಣಗಿಸಬೇಕು. ಒಣಗಿ ಕುಗ್ಗಿದ ತಿರುಳಿನ ಮೇಲೆ ಹಿಟ್ಟಿನ ತೆಳು ಪದರ ಹೊದಿಸಬೇಕು. ಇಡೀ ಇಡ್ಲಿಯನ್ನು ಹಿಟ್ಟಿನಿಂದಲೇ ಮಾಡಿದರೆ ಹೊರಭಾಗ ಮೊದಲು ಒಣಗಿ ಬಿರುಕು ಬಿಡುತ್ತದೆ. ವಡೆಯ ಮೇಲ್ಮೈಗೆ ಹಸಿಯಿರುವಾಗಲೇ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಟ್ಟಿದರೆ ಕರಿದ ವಡೆಯ ಒರಟುತನ ಬರುತ್ತದೆ. ಬಿಸಿಲಿಗಿಂತ ನೆರಳಿನಲ್ಲಿ ನಿಧಾನವಾಗಿ ಒಣಗಿಸುವುದು ಕ್ಷೇಮ.

ಹಿಟ್ಟು ಎಷ್ಟು ಕುಗ್ಗುತ್ತದೆಂಬುದನ್ನು ಮೊದಲೇ ಪರೀಕ್ಷಿಸಬೇಕು. 100 ಮಿ.ಮೀ. ಉದ್ದದ ಪಟ್ಟಿಯೊಂದು ಒಣಗಿದ ಮೇಲೆ 90 ಮಿ.ಮೀ. ಆದರೆ ಹತ್ತನೆಯ ಒಂದು ಭಾಗ ಕುಗ್ಗಿದೆ ಎಂದರ್ಥ. ಅಂತಹ ಹಿಟ್ಟಿನಿಂದ 72 ಮಿ.ಮೀ. ವಡೆ ಬೇಕಿದ್ದಲ್ಲಿ 80 ಮಿ.ಮೀ. ಅಗಲಕ್ಕೆ ತಟ್ಟಬೇಕು. ಪ್ರತಿ ಹೊಸ ಪಾಕಕ್ಕೂ ಈ ಪರೀಕ್ಷೆ ಅಗತ್ಯ.

ಬಣ್ಣ

ಇಡ್ಲಿ ಅಪ್ಪಟ ಬಿಳಿಯಲ್ಲ. ಬಿಳಿಗೆ ತುಸು ಹಳದಿ ಬೆರೆಸಬೇಕು. ವಡೆಗೆ ಹಳದಿ, ಕಂದು, ಕಡುಕಂದು ಬಣ್ಣಗಳನ್ನು ಒಂದರ ಮೇಲೊಂದು ಸ್ಪಂಜಿನಿಂದ ಒತ್ತಬೇಕು. ಬಣ್ಣ ಬೆರೆಸಿದ ಅಂಟನ್ನು ತೆಳು ಪದರಗಳಾಗಿ ಸುರಿದು, ಪ್ರತಿ ಪದರವೂ ಒಣಗಿದ ಮೇಲೆ ಮುಂದಿನದನ್ನು ಹಾಕಿದರೆ ಸಾಂಬಾರು ಸಿದ್ಧವಾಗುತ್ತದೆ. ಚಟ್ನಿಯ ತರಿತನಕ್ಕೆ ಮರದ ಹೊಟ್ಟು ಸಾಕು. ರವೆ ಬಳಸಿದರೆ ಹುಳು ಬೀಳುತ್ತದೆ. ಹೊಳಪಿನ ವಾರ್ನಿಷ್ ವಡೆ ಮತ್ತು ಸಾಂಬಾರಿಗೆ ಮಾತ್ರ. ಹೊಳೆಯುವ ಇಡ್ಲಿ ನಕಲಿ ಎಂದು ದೂರದಿಂದಲೇ ಗೊತ್ತಾಗುತ್ತದೆ.

ಕಾನೂನಿನ ಎಚ್ಚರ

ಬೇಕರಿಗಳ ಪ್ರದರ್ಶನದ ಕೇಕುಗಳಿಗೆ ಥರ್ಮೋಕೋಲ್ ಸುಲಭವೆನಿಸಬಹುದು. ಆದರೆ ಅಲಂಕಾರಕ್ಕೆ ಬಳಸುವ ಥರ್ಮೋಕೋಲ್ 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧಿತ. ರಟ್ಟಿನ ಪೆಟ್ಟಿಗೆಯ ಮೇಲೆ ಕಾಗದದ ತಿರುಳು ಮೆತ್ತುವುದೇ ಸರಿಯಾದ ಮಾರ್ಗ.

14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ತಯಾರಿಸುವ ವಸ್ತುಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಕೇಂದ್ರ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳಿಗೆ ವಿನಾಯಿತಿಯಿದೆ. ತಿನಿಸಿನಂತೆ ಕಾಣುವ ಚಿಕ್ಕ ವಸ್ತುವನ್ನು ಮಗು ಬಾಯಿಗೆ ಹಾಕಿಕೊಳ್ಳುವ ಅಪಾಯವಿರುವುದರಿಂದ, ಪ್ರತಿ ಮಾದರಿಯ ಮೇಲೂ 'ತಿನ್ನಲು ಅಲ್ಲ, ಆಟಿಕೆಯೂ ಅಲ್ಲ' ಎಂಬ ಚೀಟಿ ಅಂಟಿಸುವುದು ವಿವೇಕ.

ಎಲ್ಲಕ್ಕಿಂತ ಮುಖ್ಯವಾದುದು ಮಾದರಿಯ ಪ್ರಾಮಾಣಿಕತೆ. ಸರಕಿನ ಪ್ರಮಾಣ ಅಥವಾ ಗುಣಮಟ್ಟದ ಬಗ್ಗೆ ಗ್ರಾಹಕರ ದಾರಿ ತಪ್ಪಿಸುವ ಜಾಹೀರಾತು ಗ್ರಾಹಕ ಸಂರಕ್ಷಣಾ ಕಾಯಿದೆ, 2019ರ ಪ್ರಕಾರ ತಪ್ಪು. ಕಪಾಟಿನಲ್ಲಿ ದಪ್ಪ ವಡೆ ತೋರಿಸಿ ತಟ್ಟೆಯಲ್ಲಿ ತೆಳು ವಡೆ ಬಡಿಸಿದರೆ, ಕಾನೂನಿಗೂ ಮೊದಲು ಗಿರಾಕಿಯೇ ತೀರ್ಪು ಕೊಡುತ್ತಾನೆ. ಆದ್ದರಿಂದ ತಯಾರಕನು ಹೋಟೆಲಿನವರು ಬಡಿಸುವ ತಟ್ಟೆಯನ್ನೇ ಎದುರಿಗಿಟ್ಟುಕೊಂಡು ಅಗಲ, ಎತ್ತರ, ಸಂಖ್ಯೆ ಗುರುತಿಸಿ, ಆ ಅಳತೆಗೆ ಮಾಲೀಕರ ಒಪ್ಪಿಗೆ ಪಡೆಯಬೇಕು. ತಟ್ಟೆಯ ಪ್ರಮಾಣ ಬದಲಾದಾಗ ಮಾದರಿಯೂ ಬದಲಾಗತಕ್ಕದ್ದು.

ಬೆಲೆ ನಿರ್ಧಾರ

ಕಚ್ಚಾ ಸಾಮಗ್ರಿಯ ಖರ್ಚು ಇಲ್ಲಿ ಅಲ್ಪ. ಕೈಗೆಲಸದ ಸಮಯವೇ ದೊಡ್ಡ ಖರ್ಚು. ಒಂದು ತಟ್ಟೆಗೆ ತಗಲುವ ಗಂಟೆಗಳು, ಒಣಗುವಾಗ ಹಾಳಾಗುವ ತುಂಡುಗಳು, ಬಣ್ಣ ಮಾಸಿದಾಗ ಮಾಡಬೇಕಾದ ದುರಸ್ತಿ ಇವುಗಳನ್ನು ಲೆಕ್ಕಕ್ಕೆ ಹಿಡಿದೇ ದರ ನಿಗದಿಪಡಿಸಬೇಕು. ಮೊದಲ ಹತ್ತು ತಟ್ಟೆಗಳ ಲೆಕ್ಕವನ್ನು ಬರೆದಿಟ್ಟರೆ ಹನ್ನೊಂದನೆಯದಕ್ಕೆ ನ್ಯಾಯವಾದ ದರ ಹೇಳಲು ಸಾಧ್ಯ.